ಔಟ್‌ಬೋರ್ಡ್ ಎಂಜಿನ್‌ನಲ್ಲಿ ಥ್ರೆಡ್ ಕಿತ್ತುಹೋದ ಬೋಲ್ಟ್ ರಂಧ್ರವನ್ನು ಸರಿಪಡಿಸುವ ಬಗೆ

ಬೆಂಗಳೂರಿಗೆ ಸಮುದ್ರವಿಲ್ಲ. ಆದರೂ ದೋಣಿಯ ಎಂಜಿನ್ ಕುರಿತ ಒಂದು ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಮಲ್ಪೆ, ಕಾರವಾರದ ಮೀನುಗಾರರೂ ಕಬಿನಿ, ಲಿಂಗನಮಕ್ಕಿ ಹಿನ್ನೀರಿನಲ್ಲಿ ದೋಣಿ ಇಟ್ಟುಕೊಂಡವರೂ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತಾರೆ: "ಬೋಲ್ಟ್ ತಿರುಗಿಸಿದಷ್ಟೂ ತಿರುಗುತ್ತದೆ, ಬಿಗಿಯಾಗುವುದಿಲ್ಲ. ಇಡೀ ಭಾಗವನ್ನೇ ಬದಲಿಸಬೇಕೇ?" ಬಹುತೇಕ ಸಂದರ್ಭಗಳಲ್ಲಿ ಬದಲಿಸಬೇಕಾಗಿಲ್ಲ. ಸರಿಯಾಗಿ ಮಾಡಿದರೆ ದುರಸ್ತಿಯಾದ ರಂಧ್ರ ಮೊದಲಿದ್ದುದಕ್ಕಿಂತಲೂ ಗಟ್ಟಿಯಾಗಿ ಬೋಲ್ಟನ್ನು ಹಿಡಿಯುತ್ತದೆ. ಅದಕ್ಕೆ ಬೇಕಾದ ಸಾಧನಗಳು ಎಸ್.ಪಿ. ರಸ್ತೆ, ಎನ್.ಆರ್. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಕೈಯಿಂದ ಆಗದ ಕೆಲಸಕ್ಕೆ ಪೀಣ್ಯದಲ್ಲಿ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳಿವೆ. ಕರಾವಳಿಯವರು ಎಂಜಿನ್ನಿನ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ ಇಲ್ಲಿಗೆ ಕಳುಹಿಸುವುದೂ ಇದೇ ಕಾರಣಕ್ಕೆ.

ಈ ಕೆಲಸ ತೋಳ್ಬಲದ್ದಲ್ಲ, ಅಳತೆಯದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಕೆಟ್ಟ ದುರಸ್ತಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಡ್ರಿಲ್ ಓರೆಯಾದದ್ದರಿಂದ ಅಥವಾ ಆಳ ಅಳೆಯದೆ ಕೊರೆದದ್ದರಿಂದ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಆ ಎರಡು ಸಂಗತಿಗಳಿಗೇ ಮೀಸಲಾಗಿದೆ.

ಥ್ರೆಡ್ ಏಕೆ ಕಿತ್ತುಹೋಗುತ್ತದೆ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್ನಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ತೂಕ ಕಡಿಮೆ ಇರಲೆಂದು ಅದರ ಸಿಲಿಂಡರ್ ಬ್ಲಾಕ್, ಹೆಡ್, ಕೆಳಗಿನ ಗೇರ್‌ಕೇಸ್ ಎಲ್ಲವನ್ನೂ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದಿರುತ್ತಾರೆ. ಅವುಗಳನ್ನು ಹಿಡಿದಿಡುವ ಬೋಲ್ಟ್‌ಗಳು ಮಾತ್ರ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಈ ಎರಡು ಲೋಹಗಳು ಒಂದನ್ನೊಂದು ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಉಂಟಾಗುತ್ತದೆ. ಆ ಬ್ಯಾಟರಿಯಲ್ಲಿ ಕರಗುವುದು ಯಾವಾಗಲೂ ಅಲ್ಯೂಮಿನಿಯಂ. ಕರಗಿದ ಅಲ್ಯೂಮಿನಿಯಂ ಸುಣ್ಣದಂತಹ ಬಿಳಿ ಪುಡಿಯಾಗಿ ಮೊದಲಿಗಿಂತ ಹೆಚ್ಚು ಜಾಗ ತುಂಬಿ ಬೋಲ್ಟನ್ನು ರಂಧ್ರದೊಳಗೆ ಕಚ್ಚಿ ಹಿಡಿಯುತ್ತದೆ. ಬೋಲ್ಟನ್ನು ಬಲವಂತವಾಗಿ ತಿರುಗಿಸಿದಾಗ, ಅದು ಮುರಿಯದಿದ್ದರೆ, ರಂಧ್ರದ ಒಳಮೈಯಲ್ಲಿರುವ ತಿರುಪಿನ ಎಳೆಗಳನ್ನು, ಅಂದರೆ ಥ್ರೆಡ್ಡನ್ನು, ಕಿತ್ತುಕೊಂಡೇ ಹೊರಬರುತ್ತದೆ.

ಹೊರತೆಗೆದ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ. ಅದರ ಹಲ್ಲುಗಳ ನಡುವೆ ಪೆನ್ನಿನ ಸ್ಪ್ರಿಂಗಿನಂತೆ ಸುತ್ತಿಕೊಂಡ ಹೊಳೆಯುವ ತಂತಿ ಕಂಡರೆ, ಅದು ನಿಮ್ಮ ಎಂಜಿನ್ನಿನ ಥ್ರೆಡ್. ತಂತಿ ಹೊಳೆಯದೆ ಮಾಸಲು ಬಿಳುಪಾಗಿ, ಉಗುರು ತಾಗಿದರೆ ಪುಡಿಯಾಗುವಂತಿದ್ದರೆ ತುಕ್ಕೇ ಕಾರಣ. ಹೊಸ ಲೋಹದಂತೆ ಥಳಥಳಿಸುತ್ತಿದ್ದರೆ ಯಾರೋ ಮಿತಿಮೀರಿ ಬಿಗಿ ಮಾಡಿದ್ದಾರೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಮೊದಲನೆಯದಾದರೆ ಸುತ್ತಲಿನ ಬೇರೆ ಬೋಲ್ಟ್‌ಗಳ ರಂಧ್ರಗಳೂ ಒಳಗೊಳಗೇ ಸವೆದಿರುವ ಸಾಧ್ಯತೆಯಿದ್ದು, ಅವನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗುತ್ತದೆ.

ಹಿನ್ನೀರಿನ ಸಿಹಿನೀರಿನಲ್ಲಿ ಓಡುವ ಎಂಜಿನ್‌ಗಳಿಗೆ ತುಕ್ಕಿನ ಕಾಟ ಕಡಿಮೆ. ಅಲ್ಲಿ ಥ್ರೆಡ್ ಕೀಳುವುದು ಹೆಚ್ಚಾಗಿ ಕೈಯ ತಪ್ಪಿನಿಂದ: ಅಳತೆಗಿಂತ ಗಿಡ್ಡ ಬೋಲ್ಟ್ ಹಾಕುವುದು, ಇಂಪ್ಯಾಕ್ಟ್ ಗನ್ ಬಳಸುವುದು, ಅಥವಾ ತಳವಿರುವ ರಂಧ್ರದಲ್ಲಿ ಎಣ್ಣೆಯೋ ನೀರೋ ನಿಂತಿರುವಾಗಲೇ ಬೋಲ್ಟ್ ತುರುಕುವುದು.

ಯಾವುದನ್ನು ಮನೆಯಲ್ಲಿ ಮಾಡಬಹುದು, ಯಾವುದನ್ನು ಮಾಡಬಾರದು

ಥರ್ಮೋಸ್ಟಾಟ್ ಮುಚ್ಚಳ, ನೀರಿನ ಪಂಪಿನ ಕವಚ, ಎಕ್ಸಾಸ್ಟ್ ಕವರ್, ಕಾರ್ಬುರೇಟರ್ ಬುಡ, ಗೇರ್‌ಕೇಸನ್ನು ಮೇಲಿನ ಭಾಗಕ್ಕೆ ಸೇರಿಸುವ ಬೋಲ್ಟ್‌ಗಳು: ಇವುಗಳ ರಂಧ್ರಗಳನ್ನು ತಾಳ್ಮೆಯುಳ್ಳ ಯಾರು ಬೇಕಾದರೂ ಸರಿಪಡಿಸಬಹುದು. ಸಿಲಿಂಡರ್ ಹೆಡ್ಡಿನ ಬೋಲ್ಟ್ ರಂಧ್ರಗಳನ್ನು ಡ್ರಿಲ್ ಪ್ರೆಸ್, ಅಂದರೆ ಕಂಬಕ್ಕೆ ನೆಟ್ಟಗೆ ಕೂರಿಸಿದ ಡ್ರಿಲ್ ಯಂತ್ರ, ಇದ್ದರೆ ಮಾತ್ರ ಮುಟ್ಟಿ. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಬೇರಿಂಗ್ ಬಳಿ ಬಿಗಿಯುವ ಬೋಲ್ಟ್‌ಗಳು, ಸ್ಟಿಯರಿಂಗ್ ತೋಳಿನ ಬೋಲ್ಟ್‌ಗಳು, ಎಂಜಿನ್ನನ್ನು ದೋಣಿಗೆ ಹಿಡಿದಿಡುವ ಬ್ರ್ಯಾಕೆಟ್ಟಿನ ಬೋಲ್ಟ್‌ಗಳು ಕೆಟ್ಟಿದ್ದರೆ ದಯವಿಟ್ಟು ನುರಿತ ಯಂತ್ರಶಾಲೆಗೆ ಒಯ್ಯಿರಿ. ಅವು ನಡುನೀರಿನಲ್ಲಿ ಕೈಕೊಟ್ಟರೆ ಹಾನಿ ಎಂಜಿನ್ನಿಗೆ ಮಾತ್ರ ಆಗುವುದಿಲ್ಲ.

ಬೇಕಾಗುವ ಸಾಮಗ್ರಿ

ದುರಸ್ತಿಯ ತಿರುಳು ಇಷ್ಟು: ಹಾಳಾದ ರಂಧ್ರವನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಅದರಲ್ಲಿ ಹೊಸ ಥ್ರೆಡ್ ಕತ್ತರಿಸಿ, ಒಳಗೆ ಇನ್ಸರ್ಟ್ ಕೂರಿಸುವುದು. ಇನ್ಸರ್ಟ್ ಎಂದರೆ ಹೊರಮೈಯಲ್ಲಿ ದೊಡ್ಡ ಥ್ರೆಡ್ಡೂ ಒಳಮೈಯಲ್ಲಿ ಮೂಲ ಬೋಲ್ಟಿನ ಅಳತೆಯ ಥ್ರೆಡ್ಡೂ ಇರುವ ಉಕ್ಕಿನ ಒಳಗವಸು. ಇದರಲ್ಲಿ ಎರಡು ಬಗೆಗಳು ಬಳಕೆಯಲ್ಲಿವೆ. ಮೊದಲನೆಯದು ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಮಾಡಿದ್ದು. ಹೆಲಿಕಾಯಿಲ್ ಎಂಬುದು ಅದರ ಒಂದು ಬ್ರ್ಯಾಂಡಿನ ಹೆಸರಾದರೂ ಅಂಗಡಿಗಳಲ್ಲಿ ಯಾವ ತಯಾರಿಕೆಯದಾದರೂ ಅದೇ ಹೆಸರಿನಿಂದ ಕೇಳುತ್ತಾರೆ. ಎರಡನೆಯದು ಗಟ್ಟಿ ಬುಷ್, ಅಂದರೆ ಸಣ್ಣ ಕೊಳವೆಯಂತಹ ಇಡಿಯಾದ ಒಂದು ತುಂಡು; ಟೈಮ್-ಸರ್ಟ್ ಈ ಬಗೆಯದು. ತಂತಿಯ ಬಗೆ ಅಗ್ಗ, ಸುಲಭವಾಗಿ ಸಿಗುತ್ತದೆ, ಸುತ್ತಲೂ ಕಡಿಮೆ ಲೋಹ ಸಾಕು. ಮತ್ತೆ ಮತ್ತೆ ಬಿಚ್ಚಬೇಕಾದ ಕಡೆ, ಎಣ್ಣೆ ಅಥವಾ ನೀರನ್ನು ತಡೆಯಬೇಕಾದ ಕಡೆ ಬುಷ್ ಮೇಲು.

ಕಿಟ್ ಕೊಳ್ಳುವ ಮೊದಲು ಬೋಲ್ಟಿನ ಅಳತೆ ಖಚಿತಪಡಿಸಿಕೊಳ್ಳಿ. ಯಮಹಾ, ಸುಜುಕಿ, ತೋಹಾತ್ಸು, ಹೋಂಡಾದಂತಹ ಜಪಾನಿ ಎಂಜಿನ್‌ಗಳು ಮೆಟ್ರಿಕ್ ಅಳತೆಯವು; ಜಾನ್ಸನ್, ಎವಿನ್‌ರೂಡ್‌ನಂತಹ ಹಳೆಯ ಅಮೆರಿಕನ್ ಎಂಜಿನ್‌ಗಳಲ್ಲಿ ಇಂಚಿನ ಥ್ರೆಡ್ ಇರುತ್ತದೆ. ಇಲ್ಲಿಯೇ ಅನೇಕರು ಎಡವುತ್ತಾರೆ. 5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿ.ಮೀ.; ಎಂ8 ಬೋಲ್ಟಿನದು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ಸುತ್ತಿಗೆ ಬೋಲ್ಟ್ ಎಷ್ಟು ಮುಂದೆ ಸಾಗುತ್ತದೆ ಎಂಬ ಅಳತೆ, ಅಂದರೆ ಪಿಚ್, ಮೊದಲನೆಯದರಲ್ಲಿ ಸುಮಾರು 1.41 ಮಿ.ಮೀ., ಎರಡನೆಯದರಲ್ಲಿ 1.25 ಮಿ.ಮೀ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಎರಡು ಮೂರು ಸುತ್ತು ಹೋಗಿ ಬಿಗಿಯಾದಂತೆ ಅನಿಸುತ್ತದೆ, ಮರುಕ್ಷಣವೇ ಥ್ರೆಡ್ ಹೋಗುತ್ತದೆ. ಬಾಚಣಿಗೆಯ ಹಲ್ಲಿನಂತಿರುವ ಪಿಚ್ ಗೇಜನ್ನು ಬೋಲ್ಟಿನ ಮೇಲಿಟ್ಟು ಬೆಳಕಿಗೆ ಹಿಡಿದರೆ ಸಂದೇಹ ಉಳಿಯುವುದಿಲ್ಲ.

ಕಿಟ್‌ನಲ್ಲಿ ಡ್ರಿಲ್ ಬಿಟ್, ವಿಶೇಷ ಟ್ಯಾಪ್, ಇನ್ಸರ್ಟ್ ಕೂರಿಸುವ ಸಾಧನ, ಕೆಲವು ಇನ್ಸರ್ಟ್‌ಗಳು ಇರುತ್ತವೆ. ಟ್ಯಾಪ್ ಎಂದರೆ ರಂಧ್ರದೊಳಗೆ ಥ್ರೆಡ್ ಕತ್ತರಿಸುವ ಸಾಧನ. ಇನ್ಸರ್ಟಿಗೆ ಬೇಕಾದ ಟ್ಯಾಪ್ ಮಾಮೂಲಿ ಟ್ಯಾಪ್ ಅಲ್ಲ. ಎಂ6 ಇನ್ಸರ್ಟಿನ ಟ್ಯಾಪ್ ಸುಮಾರು 7.3 ಮಿ.ಮೀ. ದಪ್ಪವಿದ್ದರೂ ಅದರ ಪಿಚ್ 1 ಮಿ.ಮೀ. ಆಗಿಯೇ ಇರುತ್ತದೆ. ಎಂ8ರದ್ದು ಸುಮಾರು 9.6 ಮಿ.ಮೀ. ದಪ್ಪ, ಪಿಚ್ 1.25. ಆದ್ದರಿಂದ ಕಿಟ್ಟಿನ ಟ್ಯಾಪ್ ಮುರಿದರೆ ಪೆಟ್ಟಿಗೆಯಲ್ಲಿರುವ ಬೇರೆ ಟ್ಯಾಪ್ ಕೆಲಸಕ್ಕೆ ಬರುವುದಿಲ್ಲ. ತಂತಿಯ ಇನ್ಸರ್ಟಿಗೆ ಕೊರೆಯಬೇಕಾದ ರಂಧ್ರ ಸಾಮಾನ್ಯವಾಗಿ ಎಂ6ಕ್ಕೆ 6.3 ಮಿ.ಮೀ., ಎಂ8ಕ್ಕೆ 8.3 ಅಥವಾ 8.4 ಮಿ.ಮೀ. ತಯಾರಕರು ಕಿಟ್ಟಿನ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ.

ಇವಲ್ಲದೆ ವರ್ನಿಯರ್ ಕ್ಯಾಲಿಪರ್, ಟ್ಯಾಪ್ ತಿರುಗಿಸುವ ಹಿಡಿ, ಸಣ್ಣ ಮೂಲೆಮಟ್ಟ, ನಯವಾದ ಚಪ್ಪಟೆ ಅರ, ಕಣ್ಣಿಗೆ ಕನ್ನಡಕ, ಸ್ವಲ್ಪ ಸೀಮೆಎಣ್ಣೆ ಅಥವಾ ಡಬ್ಲ್ಯುಡಿ-40, ಗ್ರೀಸು, ಹೊಸ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಹಾಳೆ) ಮತ್ತು ಸಣ್ಣ ಅಳತೆಯ ಟಾರ್ಕ್ ವ್ರೆಂಚ್ ಬೇಕು. ಟಾರ್ಕ್ ವ್ರೆಂಚ್ ಎಂದರೆ ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆಂದು ತೋರಿಸುವ ಪಾನಾ. ಜೆ.ಸಿ. ರಸ್ತೆಯ ವಾಹನ ಸಾಮಗ್ರಿ ಅಂಗಡಿಗಳಲ್ಲಿ ಮೊದಲು ತೋರಿಸುವುದು ಕಾರಿನ ಚಕ್ರಕ್ಕೆ ಬಳಸುವ ದೊಡ್ಡದನ್ನು. ಅದು ಇಲ್ಲಿ ಉಪಯೋಗಕ್ಕೆ ಬಾರದು. 5ರಿಂದ 25 ನ್ಯೂಟನ್ ಮೀಟರ್ ವರೆಗಿನದನ್ನು ಕೇಳಿ ಪಡೆಯಿರಿ.

ಹಂತ 1: ಎಂಜಿನ್ನನ್ನು ಸುರಕ್ಷಿತ ಸ್ಥಿತಿಗೆ ತರುವುದು

ಬ್ಯಾಟರಿಯ ತಂತಿ ಬಿಚ್ಚಿ, ಸ್ಪಾರ್ಕ್ ಪ್ಲಗ್ ಕ್ಯಾಪ್‌ಗಳನ್ನು ತೆಗೆದಿಡಿ. ಪೆಟ್ರೋಲ್ ಕೊಳವೆ ಬೇರ್ಪಡಿಸಿ, ಕಾರ್ಬುರೇಟರಿನಲ್ಲಿ ಉಳಿದಿರುವ ಪೆಟ್ರೋಲನ್ನೂ ಹೊರಚೆಲ್ಲಿ. ಪ್ರೊಪೆಲ್ಲರ್ ಬಿಚ್ಚಿಡುವುದು ಒಳ್ಳೆಯದು.

ಹಂತ 2: ಕಚ್ಚಿಕೊಂಡ ಬೋಲ್ಟನ್ನು ಬಿಡಿಸುವುದು

ಬೋಲ್ಟ್ ಸುತ್ತುತ್ತಿದ್ದರೂ ಹೊರಬಾರದಿದ್ದರೆ ಅದರ ತಲೆಯ ಕೆಳಗೆ ತೆಳುವಾದ ಸ್ಕ್ರೂಡ್ರೈವರ್ ತೂರಿಸಿ, ಮೆಲ್ಲನೆ ಮೇಲಕ್ಕೆ ಮೀಟುತ್ತಲೇ ತಿರುಗಿಸಿ. ಗ್ಯಾಸ್ಕೆಟ್ ಕೂರುವ ಮೈಮೇಲೆ ಗೀರು ಬೀಳದಂತೆ ನಡುವೆ ತಗಡಿನ ತುಂಡೊಂದನ್ನು ಇಡಿ.

ಥ್ರೆಡ್ ಇನ್ನೂ ಕೀಳದೆ ಬೋಲ್ಟ್ ಬರೀ ಕಚ್ಚಿಕೊಂಡಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅವಸರಪಟ್ಟು ಅದನ್ನು ಕೆಡಿಸಿಕೊಳ್ಳಬೇಡಿ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮರುದಿನ ಹೀಟ್ ಗನ್ನಿನಿಂದ ಬೋಲ್ಟಿಗಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂಗೆ ಶಾಖ ಕೊಡಿ. ಶಾಖಕ್ಕೆ ಅಲ್ಯೂಮಿನಿಯಂ ಸ್ಟೇನ್‌ಲೆಸ್ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಕೂದಲೆಳೆಯಷ್ಟಾದರೂ ಸಡಿಲಿಕೆ ಸಿಗುತ್ತದೆ. ಪೆಟ್ರೋಲಿನ ವಾಸನೆ ಸ್ವಲ್ಪವಾದರೂ ಇದ್ದರೆ ಹೀಟ್ ಗನ್ನನ್ನೂ ಬಳಸಬೇಡಿ, ಬೆಂಕಿಯ ಜ್ವಾಲೆಯನ್ನಂತೂ ಎಂದಿಗೂ ಬಳಸಬೇಡಿ. ಬಿಚ್ಚುವಾಗ ಒಂದೇ ದಿಕ್ಕಿಗೆ ಎಳೆಯದೆ ಸ್ವಲ್ಪ ಬಿಗಿಸಿ, ಸ್ವಲ್ಪ ಸಡಿಲಿಸಿ, ಹಿಂದೆ ಮುಂದೆ ಆಡಿಸುತ್ತಾ ತನ್ನಿ.

ಬೋಲ್ಟ್ ಮುರಿದು ಒಳಗೇ ಉಳಿದರೆ ಅನೇಕರು ಎಕ್ಸ್‌ಟ್ರಾಕ್ಟರ್ ಬಳಸುತ್ತಾರೆ. ಎಡಗಡೆಗೆ ತಿರುಗಿಸಿದಾಗ ಮುರಿದ ತುಂಡನ್ನು ಕಚ್ಚಿ ಹೊರಗೆಳೆಯಬೇಕಾದ ಸಾಧನ ಅದು. ಆದರೆ ಅದೂ ಒಳಗೆ ಮುರಿದರೆ, ಅಷ್ಟು ಗಡುಸಾದ ಉಕ್ಕನ್ನು ನಿಮ್ಮ ಯಾವ ಡ್ರಿಲ್ಲೂ ಕೊರೆಯಲಾರದು. ಆಗ ಸ್ಪಾರ್ಕ್ ಎರೋಷನ್ ಯಂತ್ರವಿರುವ ಕಡೆಗೆ ಹೋಗಿ. ವಿದ್ಯುತ್ ಕಿಡಿಗಳಿಂದ ಲೋಹವನ್ನು ಕೊರೆಯುವ ಆ ಯಂತ್ರಗಳು ಪೀಣ್ಯದ ಟೂಲ್‌ರೂಮ್‌ಗಳಲ್ಲಿವೆ. ಸುತ್ತಲಿನ ಅಲ್ಯೂಮಿನಿಯಂಗೆ ತೊಂದರೆಯಾಗದಂತೆ ಮುರಿದ ತುಂಡನ್ನು ಅದು ತಿಂದುಹಾಕುತ್ತದೆ.

ಹಂತ 3: ರಂಧ್ರವನ್ನು ಅಳೆಯುವುದು

ರಂಧ್ರದೊಳಗಿನ ಬಿಳಿ ಪುಡಿಯನ್ನೂ ಮುರಿದ ಎಳೆಗಳನ್ನೂ ಸಣ್ಣ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಬಳಿಕ ವರ್ನಿಯರಿನ ಬಾಲದಲ್ಲಿರುವ ಆಳದ ಕಡ್ಡಿಯಿಂದ ರಂಧ್ರದ ಆಳ ಅಳೆದು ಬರೆದಿಟ್ಟುಕೊಳ್ಳಿ. ಮುಚ್ಚಳದ ದಪ್ಪ ಮತ್ತು ವಾಷರಿನ ದಪ್ಪವನ್ನು ಬೋಲ್ಟಿನ ಉದ್ದದಿಂದ ಕಳೆದರೆ ಬೋಲ್ಟ್ ನಿಜವಾಗಿ ಎಷ್ಟು ಒಳಗೆ ಹೋಗುತ್ತಿತ್ತು ಎಂಬುದು ತಿಳಿಯುತ್ತದೆ.

ಈ ಲೆಕ್ಕ ಕೆಲವೊಮ್ಮೆ ಇಡೀ ದುರಸ್ತಿಯನ್ನೇ ತಪ್ಪಿಸುತ್ತದೆ. ರಂಧ್ರ 22 ಮಿ.ಮೀ. ಆಳವಿದ್ದು ಬೋಲ್ಟ್ 12 ಮಿ.ಮೀ. ಮಾತ್ರ ಒಳಹೋಗುತ್ತಿತ್ತು ಎಂದುಕೊಳ್ಳಿ. ಥ್ರೆಡ್ ತಳದವರೆಗೂ ಇದ್ದರೆ ಕೆಳಗಿನ ಭಾಗ ಇನ್ನೂ ಹೊಸದರಂತೆಯೇ ಉಳಿದಿರುತ್ತದೆ. 8 ಮಿ.ಮೀ. ಉದ್ದ ಹೆಚ್ಚಿರುವ ಬೋಲ್ಟ್ ಹಾಕಿದರೆ ಸಾಕು. ಎಂ6 ಬೋಲ್ಟಿಗೆ ಆ 8 ಮಿ.ಮೀ. ಹಿಡಿತ ಥರ್ಮೋಸ್ಟಾಟ್ ಮುಚ್ಚಳದಂತಹ ಹಗುರ ಜಾಗಕ್ಕೆ ಸಾಲುತ್ತದೆ. ಬೋಲ್ಟಿನ ತುದಿ ತಳಕ್ಕೆ ತಾಗದಂತೆ ಕನಿಷ್ಠ 2 ಮಿ.ಮೀ. ಬಿಟ್ಟಿರಬೇಕು ಎಂಬುದನ್ನು ಮರೆಯಬೇಡಿ. ತಳಕ್ಕೆ ತಾಗಿದ ಬೋಲ್ಟ್ ಬಿಗಿಯಾದಂತೆ ತೋರುತ್ತದೆ, ಮುಚ್ಚಳವನ್ನು ಮಾತ್ರ ಹಿಡಿದಿರುವುದಿಲ್ಲ. ಇನ್ನೂ ಬಿಗಿದರೆ ತಳವನ್ನೇ ಒಡೆಯುತ್ತದೆ.

ಉದ್ದದ ಬೋಲ್ಟಿನಿಂದ ಆಗದಿದ್ದರೆ ರಂಧ್ರದ ಸುತ್ತ ಎಷ್ಟು ಲೋಹ ಉಳಿದಿದೆ ನೋಡಿ. ಇನ್ಸರ್ಟಿನ ಟ್ಯಾಪ್ ಕತ್ತರಿಸಿದ ಮೇಲೂ ಎಲ್ಲ ಕಡೆ ಸುಮಾರು 3 ಮಿ.ಮೀ. ಗೋಡೆ ಉಳಿಯಬೇಕು ಎಂಬುದು ನಾನು ಇಟ್ಟುಕೊಂಡ ಮಿತಿ. ಔಟ್‌ಬೋರ್ಡ್ ಎಂಜಿನ್‌ಗಳು ಹೊರಗಿನ ನೀರನ್ನೇ ಒಳಗೆ ಹರಿಸಿ ತಂಪಾಗುವುದರಿಂದ ಬೋಲ್ಟ್ ರಂಧ್ರದ ಪಕ್ಕದಲ್ಲೇ ನೀರಿನ ದಾರಿಗಳಿರುತ್ತವೆ. ಆರಂಭದ ದಿನಗಳಲ್ಲಿ ನಾನು ಆಳ ಅಳೆಯದೆ, ಕೈಡ್ರಿಲ್ಲಿನಲ್ಲಿ ಒಂದು ಎಕ್ಸಾಸ್ಟ್ ಕವರಿನ ರಂಧ್ರ ಕೊರೆದಾಗ ಬಿಟ್ ಒಮ್ಮೆಲೇ ಹಗುರವಾಗಿ ಒಳಗೆ ಜಾರಿತು. ತಳ ತೂತಾಗಿ ನೀರಿನ ದಾರಿಗೆ ಸೇರಿತ್ತು. ಆ ಬ್ಲಾಕನ್ನು ಟಿಗ್ ವೆಲ್ಡಿಂಗ್ ಮಾಡಿಸಿ ಉಳಿಸಿಕೊಳ್ಳಬೇಕಾಯಿತು. ಆ ದಿನದಿಂದ ಡ್ರಿಲ್ ಬಿಟ್ಟಿಗೆ ಆಳದ ಗುರುತಾಗಿ ಟೇಪ್ ಸುತ್ತದೆ ನಾನು ಒಂದು ರಂಧ್ರವನ್ನೂ ಕೊರೆದಿಲ್ಲ.

ಹಂತ 4: ಡ್ರಿಲ್ ನೆಟ್ಟಗೆ ನಿಲ್ಲಿಸುವುದು

ಈ ಹಂತಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಿ. ಈಗಾಗಲೇ ಇರುವ 5 ಮಿ.ಮೀ. ಚಿಲ್ಲರೆ ರಂಧ್ರವನ್ನು 6.3ಕ್ಕೆ ಹಿಗ್ಗಿಸುವಾಗ ಬಿಟ್ಟಿನ ತುದಿಗೆ ಆಧಾರವೇ ಇರುವುದಿಲ್ಲ. ಅದರ ಅಂಚುಗಳು ಮೆತ್ತಗಿನ ಅಲ್ಯೂಮಿನಿಯಮ್ಮನ್ನು ಕಚ್ಚಿ ತನಗೆ ಬೇಕಾದ ಕಡೆ ಎಳೆದುಕೊಂಡು ಹೋಗುತ್ತವೆ. ರಂಧ್ರ ಎರಡು ಡಿಗ್ರಿ ಓರೆಯಾದರೂ ಬೋಲ್ಟಿನ ತಲೆ ಒಂದು ಪಕ್ಕಕ್ಕೆ ಮಾತ್ರ ಕೂರುತ್ತದೆ. ಗ್ಯಾಸ್ಕೆಟ್ ಇನ್ನೊಂದು ಪಕ್ಕದಿಂದ ಸೋರುತ್ತದೆ.

ಭಾಗವನ್ನು ಬಿಚ್ಚಿ ಡ್ರಿಲ್ ಪ್ರೆಸ್ಸಿನ ಮೇಜಿಗೆ ತರಬಹುದಾದರೆ ಹೀಗೆ ಮಾಡಿ. ರಂಧ್ರದೊಳಗೆ ಅಲುಗಾಡದೆ ಕೂರುವ ನೇರವಾದ ಉಕ್ಕಿನ ಕಡ್ಡಿಯೊಂದನ್ನು, ಹಳೆಯ ಬಿಟ್ಟಿನ ನಯವಾದ ಬುಡವಾದರೂ ಆದೀತು, ಡ್ರಿಲ್ಲಿನ ಚಕ್‌ಗೆ ಸಿಕ್ಕಿಸಿ. ಯಂತ್ರವನ್ನು ಚಾಲೂ ಮಾಡದೆ ಚಕ್ಕನ್ನು ಕೆಳಗಿಳಿಸಿ, ಕಡ್ಡಿ ಎಲ್ಲಿಯೂ ಉಜ್ಜದೆ ರಂಧ್ರದೊಳಗೆ ಸರಾಗವಾಗಿ ಇಳಿದು ಏರುವವರೆಗೆ ಭಾಗವನ್ನು ಸರಿಸಿ ಹೊಂದಿಸಿ. ಆಮೇಲೆ ಭಾಗವನ್ನು ಮೇಜಿಗೆ ಕ್ಲ್ಯಾಂಪಿನಿಂದ ಭದ್ರವಾಗಿ ಬಿಗಿದು, ಕಡ್ಡಿಯ ಜಾಗಕ್ಕೆ ಬಿಟ್ ಹಾಕಿ ಕೊರೆಯಿರಿ. ಈ ಹೊಂದಿಸುವ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಬಹುದು, ಕೊರೆಯುವುದಕ್ಕೆ ಅರ್ಧ ನಿಮಿಷ.

ಬ್ಲಾಕನ್ನು ಎಂಜಿನ್ನಿನಿಂದ ಇಳಿಸಲಾಗದಿದ್ದರೆ ಕೈಡ್ರಿಲ್ಲಿಗೆ ಮಾರ್ಗ ತೋರಿಸುವ ಉಕ್ಕಿನ ಅಚ್ಚೊಂದನ್ನು ಮಾಡಿಸಿ. 25 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ತುಂಡಿನಲ್ಲಿ ನಿಮ್ಮ ಬಿಟ್ಟಿನ ಅಳತೆಯ ಒಂದು ನೇರ ರಂಧ್ರ, ಪಕ್ಕದಲ್ಲಿ ನೆರೆಯ ಚೆನ್ನಾಗಿರುವ ಬೋಲ್ಟ್ ರಂಧ್ರಕ್ಕೆ ಸರಿಹೊಂದುವ ಇನ್ನೊಂದು ರಂಧ್ರ ಇದ್ದರೆ ಆಯಿತು. ಯಾವ ಲೇತ್ ಅಂಗಡಿಯವರಾದರೂ ಇದನ್ನು ಮಾಡಿಕೊಡುತ್ತಾರೆ. ನೆರೆಯ ರಂಧ್ರಕ್ಕೆ ಬೋಲ್ಟ್ ಹಾಕಿ ಅಚ್ಚನ್ನು ಗಟ್ಟಿಯಾಗಿ ಕೂರಿಸಿದ ಮೇಲೆ ಬಿಟ್ ಓರೆಯಾಗಲು ಅವಕಾಶವೇ ಇರುವುದಿಲ್ಲ. ಟ್ಯಾಪಿಗೂ ಇಂಥದೇ ಒಂದು ಅಚ್ಚು ಮಾಡಿಸಿದರೆ ಇನ್ನೂ ಒಳ್ಳೆಯದು.

ಕೊರೆಯುವಾಗ ವೇಗ ಕಡಿಮೆ ಇರಲಿ, ಬಿಟ್ಟಿಗೆ ಸೀಮೆಎಣ್ಣೆ ತಾಗುತ್ತಿರಲಿ. ಅಲ್ಯೂಮಿನಿಯಂ ಬಿಟ್ಟಿನ ತೋಡುಗಳಿಗೆ ಅಂಟಿಕೊಳ್ಳುವ ಲೋಹವಾದ್ದರಿಂದ ಪ್ರತಿ 3–4 ಮಿ.ಮೀ.ಗೆ ಒಮ್ಮೆ ಬಿಟ್ಟನ್ನು ಹೊರತೆಗೆದು ಚೂರುಗಳನ್ನು ಒರೆಸಿ. ರಂಧ್ರ ಸಿಲಿಂಡರಿಗೋ ಕ್ರ್ಯಾಂಕ್‌ಕೇಸಿಗೋ ತೆರೆದಿದ್ದರೆ ಬಿಟ್ಟಿನ ತೋಡುಗಳಿಗೆ ಗ್ರೀಸು ಮೆತ್ತಿ. ಚೂರುಗಳು ಗ್ರೀಸಿನಲ್ಲಿ ಸಿಕ್ಕಿಕೊಂಡು ಹೊರಬರುತ್ತವೆ. ಸುತ್ತಲಿನ ತೆರೆದ ಬಾಯಿಗಳಿಗೆಲ್ಲ ಎಳೆ ಬಿಡದ ಬಟ್ಟೆ ತುರುಕಿಡಿ.

ಹಂತ 5: ಥ್ರೆಡ್ ಕತ್ತರಿಸುವುದು

ಟ್ಯಾಪನ್ನು ರಂಧ್ರದ ಬಾಯಿಗಿಟ್ಟು, ಎರಡು ಸುತ್ತು ಹೋದ ಮೇಲೆ ನಿಲ್ಲಿಸಿ, ಮೂಲೆಮಟ್ಟವನ್ನು ಎರಡು ದಿಕ್ಕಿನಿಂದ ಇಟ್ಟು ಅದು ನೆಟ್ಟಗಿದೆಯೇ ಎಂದು ನೋಡಿ. ಓರೆಯಿದ್ದರೆ ಈಗಲೇ ತಿದ್ದಬೇಕು. ನಾಲ್ಕನೆಯ ಸುತ್ತಿನ ಬಳಿಕ ತಿದ್ದಲು ಹೋದರೆ ಟ್ಯಾಪ್ ಮುರಿಯುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬ ಲಯದಲ್ಲಿ ಸಾಗಿ. ಹಿಂದಕ್ಕೆ ತಿರುಗಿಸಿದಾಗ ಸಣ್ಣಗೆ ಚಿಟಕ್ಕೆಂದ ಅನುಭವ ಬೆರಳಿಗೆ ಬರುತ್ತದೆ. ಅದು ಚೂರು ತುಂಡಾದ ಗುರುತು. ಬಿಗಿ ಹೆಚ್ಚಾದರೆ ಬಲ ಹಾಕದೆ ಟ್ಯಾಪನ್ನು ಪೂರ್ತಿ ಹೊರತೆಗೆದು ರಂಧ್ರ ಶುಚಿ ಮಾಡಿ.

ತಳವಿರುವ ರಂಧ್ರದಲ್ಲಿ ಇನ್ನೊಂದು ತೊಡಕಿದೆ. ಮಾಮೂಲಿ ಟ್ಯಾಪಿನ ತುದಿ ಮೊನಚಾಗಿರುವುದರಿಂದ ಅದು ತಳ ಮುಟ್ಟಿದರೂ ಕೊನೆಯ ನಾಲ್ಕೈದು ಸುತ್ತುಗಳಲ್ಲಿ ಪೂರ್ಣ ಥ್ರೆಡ್ ಇರುವುದಿಲ್ಲ. ಅಲ್ಲಿ ತುದಿ ಚಪ್ಪಟೆಯಾದ ಬಾಟಮಿಂಗ್ ಟ್ಯಾಪಿನಿಂದ ಕೆಲಸ ಮುಗಿಸಬೇಕು. ಅದು ಸಿಗದಿದ್ದರೆ ಸ್ವಲ್ಪ ಗಿಡ್ಡ ಇನ್ಸರ್ಟ್ ಆರಿಸಿ.

ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ರಂಧ್ರಕ್ಕೆ ಗಾಳಿ ಊದಿ, ಎಣ್ಣೆಯ ಜಿಡ್ಡು ಹೋಗುವಂತೆ ಅಸಿಟೋನಿನಿಂದ ತೊಳೆಯಿರಿ. ಹಳೆಯ ಬೋಲ್ಟ್ ಕಿತ್ತು ಬರುವಾಗ ರಂಧ್ರದ ಬಾಯಿ ಉಬ್ಬಿ ನಿಂತಿರುತ್ತದೆ. ಬೆರಳಾಡಿಸಿದರೆ ಆ ಉಬ್ಬು ತಿಳಿಯುತ್ತದೆ. ಅದನ್ನು ಚಪ್ಪಟೆ ಅರದಿಂದ ಸಮ ಮಾಡದಿದ್ದರೆ ಎಷ್ಟೇ ಚೆನ್ನಾಗಿ ಇನ್ಸರ್ಟ್ ಕೂರಿಸಿದರೂ ಗ್ಯಾಸ್ಕೆಟ್ ಕೂರುವುದಿಲ್ಲ.

ಹಂತ 6: ಇನ್ಸರ್ಟ್ ಕೂರಿಸುವುದು

ಇನ್ಸರ್ಟಿನ ಉದ್ದವನ್ನು ಬೋಲ್ಟಿನ ವ್ಯಾಸದ ಲೆಕ್ಕದಲ್ಲಿ ಹೇಳುತ್ತಾರೆ. ಅಲ್ಯೂಮಿನಿಯಂನಲ್ಲಿ ವ್ಯಾಸದ ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ಉದ್ದದ್ದನ್ನು ಬಳಸಿ. ಎಂ8 ಬೋಲ್ಟಿಗೆ ಅದು 12 ಅಥವಾ 16 ಮಿ.ಮೀ. ಆಗುತ್ತದೆ.

ತಂತಿಯ ಇನ್ಸರ್ಟನ್ನು ಕೈಯಲ್ಲಿ ಹಿಡಿದಾಗ ಅದು ರಂಧ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಂಗಡಿಯವರು ತಪ್ಪು ಅಳತೆ ಕೊಟ್ಟಿದ್ದಾರೆಂದು ಎಷ್ಟೋ ಜನ ಅದನ್ನು ಹಿಂತಿರುಗಿಸಲು ಹೊರಡುತ್ತಾರೆ. ಅದು ತಪ್ಪಲ್ಲ, ಸಾಧನದ ಮೇಲೆ ಏರಿಸಿ ತಿರುಗಿಸಿದಾಗ ಇನ್ಸರ್ಟ್ ಸಣ್ಣದಾಗಿ ಒಳಹೋಗಿ, ಬಿಟ್ಟ ಕೂಡಲೇ ಹೊರಕ್ಕೆ ಹಿಗ್ಗಿ ರಂಧ್ರದ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಅದರ ತುದಿಯಲ್ಲಿ ಅಡ್ಡಲಾಗಿ ಬಾಗಿದ ಸಣ್ಣ ನಾಲಿಗೆಯೊಂದಿರುತ್ತದೆ. ಆ ನಾಲಿಗೆಯನ್ನು ಸಾಧನದ ಸೀಳಿಗೆ ಸಿಕ್ಕಿಸಿ, ಮೇಲಿನಿಂದ ಒತ್ತದೆ ಬರೀ ತಿರುಗಿಸುತ್ತಾ ಹೋಗಿ. ಒತ್ತಿದರೆ ಸುತ್ತುಗಳು ಥ್ರೆಡ್ ಬಿಟ್ಟು ಹಾರಿ ಒಂದರ ಮೇಲೊಂದು ಕೂರುತ್ತವೆ. ಇನ್ಸರ್ಟಿನ ಮೇಲ್ತುದಿ ಮೇಲ್ಮೈಗಿಂತ ಅರ್ಧದಿಂದ ಒಂದು ಸುತ್ತು ಒಳಗಿರಬೇಕು. ಸಾಧನವನ್ನು ಎಂದಿಗೂ ಹಿಂದಕ್ಕೆ ತಿರುಗಿಸಿ ಇನ್ಸರ್ಟನ್ನು ಸರಿಪಡಿಸಲು ಹೋಗಬೇಡಿ. ನಾಲಿಗೆ ಅಕಾಲದಲ್ಲಿ ಮುರಿಯುತ್ತದೆ.

ಕಾರು, ಬೈಕುಗಳ ದುರಸ್ತಿಯಲ್ಲಿಲ್ಲದ ಒಂದು ಕೆಲಸ ಇಲ್ಲಿ ಕಡ್ಡಾಯ. ಇನ್ಸರ್ಟೂ ಸ್ಟೇನ್‌ಲೆಸ್ಸೇ ಆದ್ದರಿಂದ ಉಪ್ಪುನೀರು ಸೇರಿದರೆ ಮತ್ತದೇ ಬ್ಯಾಟರಿ ಶುರುವಾಗುತ್ತದೆ, ಈ ಬಾರಿ ಇನ್ಸರ್ಟಿನ ಹೊರಮೈಯಲ್ಲಿ. ಅದಕ್ಕಾಗಿ ರಂಧ್ರದ ಹೊಸ ಥ್ರೆಡ್ಡಿಗೆ ಜಿಂಕ್ ಕ್ರೋಮೇಟ್ ಪ್ರೈಮರನ್ನೋ ಎರಡು ಲೋಹಗಳನ್ನು ಬೇರ್ಪಡಿಸಲೆಂದೇ ಇರುವ ಡ್ಯೂರಲಾಕ್, ಟೆಫ್-ಜೆಲ್‌ನಂತಹ ಲೇಪವನ್ನೋ ತೆಳುವಾಗಿ ಹಚ್ಚಿ, ಅದು ಹಸಿಯಿರುವಾಗಲೇ ಇನ್ಸರ್ಟ್ ಕೂರಿಸಿ. ಕ್ರೋಮೇಟ್ ವಿಷಕಾರಿಯಾದ್ದರಿಂದ ಕೈಗವಸು ಹಾಕಿಕೊಳ್ಳಿ. ತಾಮ್ರದ ಪುಡಿಯಿರುವ ಆ್ಯಂಟಿ-ಸೀಝ್ ಗ್ರೀಸನ್ನು ಇಲ್ಲಿ ಬಳಸಬೇಡಿ. ಅಂಗಡಿಗಳಲ್ಲಿ ಅದೇ ಸುಲಭವಾಗಿ ಸಿಗುತ್ತದೆ, ಆದರೆ ತಾಮ್ರ ಅಲ್ಯೂಮಿನಿಯಮ್ಮನ್ನು ಇನ್ನೂ ಬೇಗ ತಿನ್ನಿಸುತ್ತದೆ.

ಕೊನೆಗೆ ನಾಲಿಗೆಯನ್ನು ಮುರಿಯಬೇಕು. ಕಿಟ್ಟಿನ ಕಡ್ಡಿಯನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಚುರುಕಿನ ಏಟು ಕೊಡಿ. ಮುರಿದ ತುಂಡನ್ನು ಗ್ರೀಸ್ ಹಚ್ಚಿದ ಕಡ್ಡಿಯಿಂದ ಎತ್ತಿ, ಅದು ಹೊರಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮುಂದುವರಿಯಿರಿ. ತೆರೆದ ರಂಧ್ರವಾಗಿದ್ದು ತುಂಡು ಒಳಗೆ ಬೀಳುವ ಭಯವಿದ್ದರೆ ಏಟು ಹಾಕದೆ ಉದ್ದ ಮೂತಿಯ ಇಕ್ಕಳದಿಂದ ಹಿಡಿದು ಆಡಿಸಿ ಮುರಿಯಿರಿ.

ಗೇರ್‌ಕೇಸಿನ ಎಣ್ಣೆ ತೆಗೆಯುವ ಸ್ಕ್ರೂವಿನ ರಂಧ್ರ ಕೆಟ್ಟಿದ್ದರೆ ತಂತಿಯ ಇನ್ಸರ್ಟಿಗಿಂತ ಗಟ್ಟಿ ಬುಷ್ ಆರಿಸಿ. ತಂತಿಯ ಸುತ್ತುಗಳ ಗುಂಟ ಎಣ್ಣೆ ಮೆಲ್ಲನೆ ಹೊರಬರಲು, ನೀರು ಒಳಸೇರಲು ದಾರಿಯಿರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ ಎಂದೇ ಅರ್ಥ.

ಹಂತ 7: ಮರಳಿ ಜೋಡಿಸುವುದು

ಹಳೆಯ ಬೋಲ್ಟಿನ ಹಲ್ಲುಗಳು ಸವೆದಿದ್ದರೆ ಅದನ್ನು ಬಿಸಾಡಿ, ಅದೇ ದರ್ಜೆಯ ಹೊಸ ಬೋಲ್ಟ್ ತನ್ನಿ. ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟಿನ ಥ್ರೆಡ್ಡಿಗೆ ಸಾಗರ ಬಳಕೆಯ ಗ್ರೀಸನ್ನು ತೆಳುವಾಗಿ ಹಚ್ಚಿ. ಮೊದಲ ನಾಲ್ಕೈದು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಬೆರಳಿನಲ್ಲಿ ಹೋಗದ ಬೋಲ್ಟಿಗೆ ಪಾನಾ ಹಚ್ಚಬೇಡಿ.

ಎಲ್ಲ ಬೋಲ್ಟ್‌ಗಳನ್ನೂ ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ. ಕೈಪಿಡಿ ಸಿಗದವರಿಗೆ ಒಂದು ಅಂದಾಜು ಬೇಕೆಂದರೆ, ಅಲ್ಯೂಮಿನಿಯಂನಲ್ಲಿ ಕೂರುವ ಎಂ6 ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್, ಎಂ8ಕ್ಕೆ 18ರಿಂದ 20ರ ಆಸುಪಾಸು. ಈ ಅಂದಾಜನ್ನು ಮುಚ್ಚಳಗಳಿಗೆ ಬಳಸಬಹುದು, ಸಿಲಿಂಡರ್ ಹೆಡ್ಡಿಗೆ ಬಳಸಬಾರದು. ಕೈಪಿಡಿ ಒಣ ಥ್ರೆಡ್ಡಿನ ಅಳತೆ ಕೊಟ್ಟಿದ್ದರೆ, ಗ್ರೀಸ್ ಹಚ್ಚಿದಾಗ ಅಷ್ಟೇ ಟಾರ್ಕಿಗೆ ಬೋಲ್ಟ್ ಹೆಚ್ಚು ಎಳೆತಕ್ಕೆ ಸಿಗುತ್ತದೆ ಎಂಬುದು ನೆನಪಿರಲಿ. ಆಗ ಸ್ವಲ್ಪ ಕಡಿಮೆಗೇ ನಿಲ್ಲಿಸಿ.

ಜೋಡಿಸುವಾಗಲೇ ಎಂಜಿನ್ನಿನ ಆ್ಯನೋಡ್‌ಗಳನ್ನೂ ನೋಡಿಬಿಡಿ. ಅಲ್ಯೂಮಿನಿಯಂ ಎರಕದ ಬದಲಿಗೆ ತಾವು ಸವೆಯಲೆಂದು ಅಳವಡಿಸಿದ ಲೋಹದ ತುಂಡುಗಳವು. ಅರ್ಧದಷ್ಟು ಸವೆದಿದ್ದರೆ ಬದಲಿಸಿ. ಅವುಗಳ ಮೇಲೆ ಬಣ್ಣ ಬಳಿದಿದ್ದರೆ ಅವು ಕೆಲಸ ಮಾಡುವುದಿಲ್ಲ. ಇಡೀ ಎಂಜಿನ್ನಿಗೆ ಬಣ್ಣ ಹೊಡೆಸಿದವರಲ್ಲಿ ಈ ತಪ್ಪು ಬಹಳ ಸಾಮಾನ್ಯ.

ಹಂತ 8: ಡ್ರಮ್ಮಿನಲ್ಲಿ ಪರೀಕ್ಷೆ

ದೋಣಿಗೆ ಕಟ್ಟುವ ಮೊದಲು ಎಂಜಿನ್ನನ್ನು ಗಟ್ಟಿ ಸ್ಟ್ಯಾಂಡಿಗೆ ಬಿಗಿದು, ಅದರ ಕೆಳಭಾಗ 200 ಲೀಟರಿನ ಡ್ರಮ್ಮಿನೊಳಗೆ ಇಳಿಯುವಂತೆ ನಿಲ್ಲಿಸಿ, ನೀರಿನ ಪಂಪ್ ಪೂರ್ತಿ ಮುಳುಗುವಷ್ಟು ನೀರು ತುಂಬಿಸಿ. ಪ್ರೊಪೆಲ್ಲರ್ ಇಲ್ಲದೆ, ನ್ಯೂಟ್ರಲ್‌ನಲ್ಲಿ ಚಾಲೂ ಮಾಡಿ. ಸ್ಥಳ ತೆರೆದ ಬಯಲಾಗಿರಲಿ; ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೇ ಅಪಾಯ. ನೀರಿಲ್ಲದೆ "ಒಂದೇ ನಿಮಿಷ" ಓಡಿಸಿ ನೋಡುವ ಆಸೆ ಬೇಡ. ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿದರೆ ಅಷ್ಟರಲ್ಲೇ ಸುಟ್ಟುಹೋಗುತ್ತದೆ.

ಎಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಎಡೆಬಿಡದೆ ಬರುತ್ತಿರಬೇಕು. ಹತ್ತು ನಿಮಿಷ ಓಡಿದ ಮೇಲೆ ದುರಸ್ತಿಯಾದ ಬೋಲ್ಟಿನ ಸುತ್ತ ಒಣ ಕಾಗದವನ್ನು ಒತ್ತಿ ನೋಡಿ. ಕಾಗದ ಒದ್ದೆಯಾದರೆ ಬೋಲ್ಟನ್ನು ಇನ್ನಷ್ಟು ಬಿಗಿಯಲು ಹೋಗಬೇಡಿ. ಮುಚ್ಚಳ ಬಿಚ್ಚಿ, ಮೇಲ್ಮೈ ಸಮವಾಗಿದೆಯೇ, ಇನ್ಸರ್ಟ್ ಮೇಲೆದ್ದಿದೆಯೇ ಎಂದು ಪರೀಕ್ಷಿಸಿ. ಒಣಗಿಯೇ ಇದ್ದರೆ ಎಂಜಿನ್ ತಣ್ಣಗಾಗಲು ಬಿಟ್ಟು, ಟಾರ್ಕ್ ವ್ರೆಂಚಿನಿಂದ ಎಲ್ಲ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ ದೋಣಿಗೆ ಕಟ್ಟಿರಿ. ನೀರಿನಲ್ಲಿ ಸುಮಾರು ಹತ್ತು ಗಂಟೆ ಓಡಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಉಪ್ಪುನೀರಿನಲ್ಲಿ ಓಡಿಸುವವರು ವರ್ಷಕ್ಕೊಮ್ಮೆ ಆ ಬೋಲ್ಟನ್ನು ಪೂರ್ತಿ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಚ್ಚಿ ಹಾಕಬೇಕು.